ವಿಳಾಸ ಹೇಳುವವರು ಯಾರು?

ಚಿಕ್ಕಮಗಳೂರು ಜಿಲ್ಲೆಯ ಶಿವನಿ ಎಂಬ ಊರಿನ ಒಂದು ಮನೆಯಲ್ಲಿ ಬೆಳಿಗ್ಗೆ ಯಾರೋ ಮೊಬೈಲ್ ತೆಗೆದು ಶಿವಮೊಗ್ಗ ಮಾರುಕಟ್ಟೆಯಲ್ಲಿ ರಾಶಿ ಅಡಿಕೆ ಎಷ್ಟಕ್ಕೆ ಹೋಗುತ್ತಿದೆ, ತಿಪಟೂರಿನಲ್ಲಿ ಕೊಬ್ಬರಿ ಧಾರಣೆ ಏನು ಎಂದು ನೋಡುತ್ತಾರೆ ಅಂದುಕೊಳ್ಳಿ. ಬೇಕಾದದ್ದು ನಾಲ್ಕಾರು ಅಂಕಿ. ಒಂದು ಎಸ್ಸೆಮ್ಮೆಸ್ಸಿನಲ್ಲಿ ಹಿಡಿಯುವಷ್ಟು. ಆದರೆ ಖಾಸಗಿಯವರು ನಡೆಸುವ ದರಪಟ್ಟಿಯ ಪುಟ ತೆರೆದರೆ ಅಂಕಿಗಿಂತ ಮೊದಲು ಸಾಲ ಕೊಡುವ ಆ್ಯಪಿನ ಜಾಹೀರಾತು ಬರುತ್ತದೆ, ಅದರ ಕೆಳಗೆ ಮಂಡಿನೋವಿನ ಎಣ್ಣೆಯದು, ಅದರ ಕೆಳಗೆ ‘ನಿಮ್ಮ ಫೋನಿಗೆ ವೈರಸ್ ಬಂದಿದೆ, ಇಲ್ಲಿ ಒತ್ತಿ’ ಎಂಬ ಹಸಿರು ಗುಂಡಿ. ಓದುತ್ತಿದ್ದ ಸಾಲು ಕೆಳಕ್ಕೆ ಜಾರುತ್ತದೆ. ಬೆರಳು ಇಟ್ಟದ್ದು ಒಂದು ಕಡೆ, ತೆರೆದುಕೊಂಡದ್ದು ಇನ್ನೊಂದು.

ಇವೆಲ್ಲ ಪರದೆಗೆ ಬರುವ ಮುಂಚೆ ಫೋನು ಒಂದು ಕೆಲಸ ಮಾಡಿರುತ್ತದೆ. ಪುಟದಲ್ಲಿರುವ ಒಂದೊಂದು ತುಣುಕೂ ಯಾವ ಯಂತ್ರದಲ್ಲಿದೆ ಎಂದು ಅದು ಕೇಳಿರುತ್ತದೆ. ದರಪಟ್ಟಿ ಇರುವ ತಾಣದ ಹೆಸರು ಹೇಳಿ, ‘ಇದರ ಸಂಖ್ಯೆ ಏನು?’ ಎಂದು ಒಂದು ಪ್ರಶ್ನೆ. ಜಾಹೀರಾತು ಕಂಪನಿಯ ಹೆಸರು ಹೇಳಿ ಇನ್ನೊಂದು. ಯಾರು ಎಷ್ಟು ಹೊತ್ತು ಏನು ನೋಡಿದರು ಎಂದು ಲೆಕ್ಕ ಇಡುವ ಕಂಪನಿಗಳ ಹೆಸರಿನಲ್ಲಿ ಮತ್ತಷ್ಟು. ಉತ್ತರ ಬಂದ ಮೇಲೆಯೇ ಫೋನು ಆಯಾ ಯಂತ್ರದ ಕಡೆ ಹೊರಡುತ್ತದೆ. ಉತ್ತರ ಸಿಗದ ತುಣುಕು ಪುಟಕ್ಕೆ ಬರುವುದೇ ಇಲ್ಲ.

ಮನೆಯ ಎಲ್ಲ ಫೋನು, ಟೀವಿಗಳ ಜಾಹೀರಾತನ್ನು ಒಂದೇ ಕಡೆಯಿಂದ ನಿಲ್ಲಿಸುವ ಉಪಾಯ ಇಲ್ಲಿದೆ. ಪ್ರಶ್ನೆಗೆ ಉತ್ತರ ಹೇಳುವವರನ್ನು ಬದಲಾಯಿಸಿದರಾಯಿತು. ವೈಫೈ ರೌಟರಿನಲ್ಲಿ ಒಂದು ಸಾಲು ತಿದ್ದಿದರೆ ಅದು ಆಗುತ್ತದೆ. ಆ ಸಾಲು ಏನು, ಅದನ್ನು ತಿದ್ದಿದಾಗ ನಾವು ಯಾರ ಕೈಗೆ ಏನು ಕೊಡುತ್ತೇವೆ ಎಂಬುದು ಪ್ರತಿ ಮನೆಯವರಿಗೂ ತಿಳಿದಿರಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಯಾಕೆಂದರೆ ನಾವು ತಿದ್ದದಿದ್ದರೂ ಆ ಸಾಲಿನಲ್ಲಿ ಯಾರದೋ ಹೆಸರು ಇದ್ದೇ ಇರುತ್ತದೆ.

ಅಂತರಜಾಲದಲ್ಲಿ ಯಂತ್ರಗಳು ಒಂದನ್ನೊಂದು ಗುರುತಿಸುವುದು ಸಂಖ್ಯೆಯಿಂದ. ಮನುಷ್ಯರಿಗೆ ನೆನಪಿರುವುದು ಹೆಸರು. ಎರಡನ್ನೂ ಜೋಡಿಸುವ ಪಟ್ಟಿ ಮೊದಲು ಒಂದೇ ಒಂದು ಕಡತದಲ್ಲಿತ್ತು. ಅಮೆರಿಕದ ಅರ್ಪಾನೆಟ್ ಜಾಲದ ಕಾಲದಲ್ಲಿ ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಹೊಸ ಯಂತ್ರ ಸೇರಿಸಬೇಕಾದರೆ ಅವರಿಗೆ ತಿಳಿಸಬೇಕು. ಅವರು ‘ಹೋಸ್ಟ್ಸ್’ ಎಂಬ ಆ ಕಡತಕ್ಕೆ ಒಂದು ಸಾಲು ಸೇರಿಸುತ್ತಾರೆ. ಉಳಿದವರೆಲ್ಲ ಹೊಸ ಕಡತ ಇಳಿಸಿಕೊಳ್ಳಬೇಕು. ಯಂತ್ರಗಳು ಹೆಚ್ಚಿದಂತೆ ಇದು ಕೈಮೀರಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಬೇರೆ ದಾರಿ ಸೂಚಿಸಿದರು. ಅದರ ಹೆಸರು ಡೊಮೇನ್ ನೇಮ್ ಸಿಸ್ಟಂ, ಚಿಕ್ಕದಾಗಿ ಡಿಎನ್‌ಎಸ್. 1987ರಲ್ಲಿ ಅದರ ನಿಯಮಗಳು ತಿದ್ದುಪಡಿಯಾಗಿ ಬಂದವು. ನಾವು ಇಂದಿಗೂ ಬಳಸುತ್ತಿರುವುದು ಅದರ ಚೌಕಟ್ಟನ್ನೇ.

ಆ ದಾರಿಯನ್ನು ಶಿವನಿಯ ವಿಳಾಸದಿಂದಲೇ ವಿವರಿಸಬಹುದು. ದೂರದಿಂದ ಕಾಗದ ಹಾಕುವವರು ‘ಶಿವನಿ’ ಎಂದಷ್ಟೇ ಬರೆದರೆ ಸಾಲದು. ಮಧ್ಯಪ್ರದೇಶದಲ್ಲಿ ಸಿವನಿ ಎಂಬ ಜಿಲ್ಲೆಯೇ ಇದೆ. ಶಿವನಿ ಹೋಬಳಿ, ಅಜ್ಜಂಪುರ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ, ಕರ್ನಾಟಕ ಎಂದು ಬರೆಯಬೇಕು. ಬರೆಯುವುದು ಚಿಕ್ಕದರಿಂದ ದೊಡ್ಡದಕ್ಕೆ, ಹುಡುಕುವುದು ದೊಡ್ಡದರಿಂದ ಚಿಕ್ಕದಕ್ಕೆ. ಬೆಂಗಳೂರಿನವರಿಗೆ ಶಿವನಿಯ ಮನೆಮನೆ ಗೊತ್ತಿರಬೇಕಾಗಿಲ್ಲ. ಚಿಕ್ಕಮಗಳೂರು ಜಿಲ್ಲೆ ಯಾವ ಕಡೆ ಎಂದು ಗೊತ್ತಿದ್ದರೆ ಸಾಕು. ಜಿಲ್ಲೆಯವರಿಗೆ ತಾಲ್ಲೂಕು, ತಾಲ್ಲೂಕಿನವರಿಗೆ ಹೋಬಳಿ. ಡಿಎನ್‌ಎಸ್‌ನಲ್ಲೂ ಹೀಗೇ. ‘ಡಾಟ್ ಗವ್ ಡಾಟ್ ಇನ್’ ಎಂದು ಮುಗಿಯುವ ಹೆಸರು ಬಂದರೆ ಮೊದಲು ಕೊನೆಯ ತುಂಡಿನ ವಿಚಾರಣೆ. ಎಲ್ಲಕ್ಕಿಂತ ಮೇಲೆ 13 ಹೆಸರುಗಳಲ್ಲಿ ಗುರುತಿಸಲಾಗುವ ಮೂಲ ಸರ್ವರ್‌ಗಳಿವೆ. ಅವುಗಳ ಪ್ರತಿಗಳು ಭಾರತವೂ ಸೇರಿ ಲೋಕದ ತುಂಬ ಇವೆ. ಅವು ‘ಡಾಟ್ ಇನ್ ಯಾರ ಸುಪರ್ದಿಯಲ್ಲಿದೆ’ ಎಂದಷ್ಟೇ ಹೇಳುತ್ತವೆ. ಡಾಟ್ ಇನ್ ಹೆಸರುಗಳ ನೋಂದಣಿಯನ್ನು ನಿಕ್ಸಿ ಸಂಸ್ಥೆ ನೋಡಿಕೊಳ್ಳುತ್ತದೆ. ಅಲ್ಲಿಂದ ಮುಂದಿನ ತುಂಡು, ಅಲ್ಲಿಂದ ಅದರ ಮುಂದಿನದು. ಕೊನೆಗೆ ಸಂಖ್ಯೆ ಸಿಗುತ್ತದೆ.

ಶಿವನಿ ಮೊದಲು ತರೀಕೆರೆ ತಾಲ್ಲೂಕಿನಲ್ಲಿತ್ತು. ಅಜ್ಜಂಪುರ ತಾಲ್ಲೂಕಾದ ಮೇಲೆ ಊರು ಇದ್ದಲ್ಲೇ ಇತ್ತು, ವಿಳಾಸದ ಒಂದು ಸಾಲು ಬದಲಾಯಿತು. ಜಾಲದಲ್ಲಿ ಹೆಚ್ಚಾಗಿ ಆಗುವುದು ಇದಕ್ಕೆ ತಿರುಗುಮುರುಗು: ಹೆಸರು ಇದ್ದಂತೆಯೇ ಇರುತ್ತದೆ, ತಾಣ ಇರುವ ಯಂತ್ರ ಬದಲಾಗುತ್ತದೆ. ಅದಕ್ಕೇ ಪ್ರತಿ ಉತ್ತರದ ಜೊತೆಗೂ ‘ಇಷ್ಟು ಸೆಕೆಂಡು ಇದನ್ನು ನೆನಪಿಟ್ಟುಕೊಳ್ಳಬಹುದು, ಆಮೇಲೆ ಮತ್ತೆ ಕೇಳಿ’ ಎಂಬ ಗಡುವು ಬರುತ್ತದೆ.

ಇಷ್ಟು ಅಲೆದಾಟವನ್ನು ನಮ್ಮ ಫೋನು ತಾನೇ ಮಾಡುವುದಿಲ್ಲ. ಅದಕ್ಕೆಂದು ನೇಮಿಸಿದ ಒಂದು ಸರ್ವರನ್ನು ಕೇಳಿ ಸುಮ್ಮನಾಗುತ್ತದೆ. ಅಲೆಯುವುದು, ನೆನಪಿಡುವುದು ಆ ಸರ್ವರಿನ ಕೆಲಸ. ಮನೆಗೆ ಹಾಕಿಸಿಕೊಂಡ ಫೈಬರಿನಲ್ಲಿ ಆ ಸರ್ವರ್ ಸಾಮಾನ್ಯವಾಗಿ ಸಂಪರ್ಕ ಕೊಟ್ಟ ಕಂಪನಿಯದೇ. ರೌಟರ್ ಆನ್ ಆದಾಗ ಕಂಪನಿ ಅದರ ಸಂಖ್ಯೆಯನ್ನು ರೌಟರಿಗೆ ಹೇಳುತ್ತದೆ. ಫೋನು ವೈಫೈಗೆ ಸೇರಿದಾಗ ರೌಟರ್ ಫೋನಿಗೆ ಹೇಳುತ್ತದೆ. ಈ ಎರಡನೆಯ ಹೇಳಿಕೆಗೆ ಡಿಎಚ್‌ಸಿಪಿ ಎಂಬ ನಿಯಮಾವಳಿ ಇದೆ. ಮನೆಯಲ್ಲಿ ಯಾರೂ ಏನನ್ನೂ ಆರಿಸಿಕೊಳ್ಳದೆಯೇ ಎಲ್ಲ ನಡೆದುಹೋಗಿರುತ್ತದೆ.

ಆ ಜಾಗದಲ್ಲಿ ಜಾಹೀರಾತು ತಡೆಯುವ ಸರ್ವರಿನ ಸಂಖ್ಯೆ ಬರೆದರೆ ಏನಾಗುತ್ತದೆ? ಆ ಸರ್ವರ್ ಬಳಿ ಒಂದು ಪಟ್ಟಿ ಇರುತ್ತದೆ: ಜಾಹೀರಾತು ಹಂಚುವ, ಜನರ ಹೆಜ್ಜೆ ಹಿಂಬಾಲಿಸುವ, ವಂಚನೆಗೆಂದೇ ಹುಟ್ಟಿಕೊಂಡ ತಾಣಗಳ ಹೆಸರುಗಳು. ದರಪಟ್ಟಿಯ ತಾಣವನ್ನು ಕೇಳಿದರೆ ಸರಿಯಾದ ಸಂಖ್ಯೆ ಹೇಳುತ್ತದೆ. ಪಟ್ಟಿಯಲ್ಲಿರುವ ಹೆಸರು ಕೇಳಿದರೆ ‘0.0.0.0’ ಎನ್ನುತ್ತದೆ, ಇಲ್ಲವೇ ಅಂಥ ಹೆಸರೇ ಇಲ್ಲ ಎನ್ನುತ್ತದೆ. 0.0.0.0 ಎಲ್ಲಿಗೂ ತಲುಪದ ಸಂಖ್ಯೆ. ಜಾಹೀರಾತು ಬಂದ ಮೇಲೆ ಮುಚ್ಚಿಡುವುದಲ್ಲ, ಅದು ಹೊರಡುವುದೇ ಇಲ್ಲ. ಡೇಟಾ ಉಳಿಯುತ್ತದೆ, ಪುಟ ಬೇಗ ತೆರೆಯುತ್ತದೆ. ಫೈನ್ಲರ್ ಕಾಲದ ಹೋಸ್ಟ್ಸ್ ಕಡತ ಇಂದಿಗೂ ಪ್ರತಿ ಕಂಪ್ಯೂಟರಿನಲ್ಲಿ ಒಂದು ಮೂಲೆಯಲ್ಲಿ ಉಳಿದಿದೆ. ಜಾಹೀರಾತು ಬೇಡದ ಜನ ಮೊದಮೊದಲು ಆ ಕಡತದಲ್ಲೇ ಜಾಹೀರಾತು ತಾಣಗಳಿಗೆ ಸುಳ್ಳು ಸಂಖ್ಯೆ ಬರೆದಿಡುತ್ತಿದ್ದರು. ದಾರಿ ತೋರಿಸಲೆಂದು ಹುಟ್ಟಿದ ಪಟ್ಟಿ ದಾರಿ ತಪ್ಪಿಸಲೂ ಉಪಯೋಗಕ್ಕೆ ಬಂತು. ಈಗ ಅದೇ ಕೆಲಸವನ್ನು ಒಂದು ಸರ್ವರ್ ಇಡೀ ಮನೆಗೆ ಮಾಡುತ್ತದೆ.

ಇದು ಪಟ್ಟಣದವರ ಶೋಕಿ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಗ್ರಾಮ ಪಂಚಾಯಿತಿಗಳಿಗೆಲ್ಲ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸಂಪುಟ 2011ರಲ್ಲಿ ಒಪ್ಪಿಗೆ ಕೊಟ್ಟಿತು; ಇಂದು ಅದರ ಹೆಸರು ಭಾರತ್‌ನೆಟ್. ಹಳ್ಳಿಗಳಲ್ಲಿ ಮನೆಯವರೆಗಿನ ಕೊನೆಯ ತಂತಿಯನ್ನು ಬಹಳ ಕಡೆ ಊರಿನ ಕೇಬಲ್‌ನವರೇ ಎಳೆದು ಕೊಡುತ್ತಾರೆ. ಒಂದು ಸಂಪರ್ಕದ ಮೇಲೆ ಅಜ್ಜಿಯ ಫೋನು, ಮಕ್ಕಳ ಆನ್‌ಲೈನ್ ಪಾಠ, ಟೀವಿ, ತೋಟದಿಂದ ಬಂದವರ ಯುಪಿಐ ಎಲ್ಲವೂ ನಡೆಯುತ್ತವೆ. ಇವರಲ್ಲಿ ಎಷ್ಟೋ ಜನರಿಗೆ ಯಾವುದು ಪುಟದ ಗುಂಡಿ, ಯಾವುದು ಜಾಹೀರಾತಿನ ಗುಂಡಿ ಎಂದು ಗೊತ್ತಾಗುವುದಿಲ್ಲ. ಗೊತ್ತಾಗದಂತೆಯೇ ಅದನ್ನು ಬರೆದಿರುತ್ತಾರೆ. ಬ್ರೌಸರಿಗೆ ಜಾಹೀರಾತು ತಡೆ ಹಾಕಿಕೊಳ್ಳಲು ಬಲ್ಲವರು ಹೇಗೂ ಬಚಾವಾಗುತ್ತಾರೆ. ರೌಟರಿನಲ್ಲಿ ಮಾಡಿದರೆ ಬಾರದವರಿಗೂ ಅದೇ ರಕ್ಷಣೆ ಸಿಗುತ್ತದೆ. ಈ ವಿಧಾನದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಇದೇ.

ಇನ್ನು ಕೆಲಸಕ್ಕೆ ಬರೋಣ. ವೈಫೈಗೆ ಸೇರಿದ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಬ್ರೌಸರ್ ತೆರೆದು, ಮೇಲೆ ವಿಳಾಸ ಬರೆಯುವ ಜಾಗದಲ್ಲಿ ರೌಟರಿನ ಸಂಖ್ಯೆ ಬರೆಯಬೇಕು. ಬಹುಪಾಲು ಡಬ್ಬಿಗಳಲ್ಲಿ ಅದು 192.168.1.1 ಅಥವಾ 192.168.0.1, ಡಬ್ಬಿಯ ತಳದ ಚೀಟಿಯಲ್ಲಿ ಸಂಖ್ಯೆಯೂ ಯೂಸರ್‌ನೇಮ್, ಪಾಸ್‌ವರ್ಡ್‌ಗಳೂ ಇರುತ್ತವೆ. ಒಳಗೆ ಹೋದ ಮೇಲೆ ಡಿಎನ್‌ಎಸ್ ಎಂಬ ಮಾತು ಎರಡು ಕಡೆ ಸಿಗಬಹುದು. ‘ವ್ಯಾನ್’ ಅಥವಾ ‘ಇಂಟರ್ನೆಟ್’ ಎಂಬ ಪುಟದಲ್ಲಿರುವುದು ರೌಟರ್ ತಾನು ಯಾರನ್ನು ಕೇಳಬೇಕು ಎಂಬುದು. ‘ಲ್ಯಾನ್’ ಪುಟದ ಡಿಎಚ್‌ಸಿಪಿ ಭಾಗದಲ್ಲಿರುವುದು ಮನೆಯ ಫೋನುಗಳು ಯಾರನ್ನು ಕೇಳಬೇಕು ಎಂಬುದು. ವ್ಯಾನ್ ಪುಟದಲ್ಲಿ ಕಂಪನಿಯ ಲಾಗಿನ್ ವಿವರಗಳೂ ಇರುವುದರಿಂದ ಅಲ್ಲಿ ಕೈ ತಪ್ಪಿದರೆ ನೆಟ್ಟೇ ನಿಂತುಹೋಗುತ್ತದೆ. ಆದ್ದರಿಂದ ಲ್ಯಾನ್ ಪುಟದಲ್ಲೇ ತಿದ್ದುವುದು ಕ್ಷೇಮ. ಹಳೆಯ ಸಂಖ್ಯೆಗಳ ಒಂದು ಫೋಟೋ ತೆಗೆದಿಟ್ಟುಕೊಂಡು ಶುರುಮಾಡಿ.

ಏನು ಬರೆಯಬೇಕು? ಆ್ಯಡ್‌ಗಾರ್ಡ್ ಎಂಬ ಸಂಸ್ಥೆ ಹಣ ಕೇಳದೆ ನಡೆಸುವ ಸರ್ವರಿನ ಸಂಖ್ಯೆಗಳು 94.140.14.14 ಮತ್ತು 94.140.15.15. ಅಶ್ಲೀಲ ತಾಣಗಳನ್ನೂ ತಡೆಯಬೇಕೆನ್ನುವ, ಮಕ್ಕಳಿರುವ ಮನೆಗೆ ಅವರದೇ ಇನ್ನೊಂದು ಜೋಡಿ ಇದೆ: 94.140.14.15 ಮತ್ತು 94.140.15.16. ಜಾಹೀರಾತು ಇದ್ದರೂ ಪರವಾಗಿಲ್ಲ, ವಂಚನೆಯ ತಾಣಗಳನ್ನು ಮಾತ್ರ ತಡೆದರೆ ಸಾಕೆನ್ನುವವರಿಗೆ ಲಾಭದ ಉದ್ದೇಶವಿಲ್ಲದ ಕ್ವಾಡ್9 ಸಂಸ್ಥೆಯ 9.9.9.9 ಇದೆ. ಬರೆದು, ಸೇವ್ ಒತ್ತಿ, ಪ್ರತಿ ಫೋನಿನಲ್ಲೂ ವೈಫೈಯನ್ನು ಒಮ್ಮೆ ಆರಿಸಿ ಮತ್ತೆ ಹಾಕಬೇಕು. ಹಳೆಯ ಸರ್ವರಿನ ಸಂಖ್ಯೆ ಅಲ್ಲಿಯವರೆಗೆ ಫೋನಿನ ನೆನಪಿನಲ್ಲೇ ಇರುತ್ತದೆ.

ಬಹಳ ಜನ ಎಡವುವುದು ಎರಡನೆಯ ಖಾಲಿ ಜಾಗದಲ್ಲಿ. ಮೊದಲನೆಯದರಲ್ಲಿ ಜಾಹೀರಾತು ತಡೆಯುವ ಸರ್ವರ್ ಬರೆದು, ಅದು ಕೈಕೊಟ್ಟರೆ ಇರಲಿ ಎಂದು ಎರಡನೆಯದರಲ್ಲಿ ಗೂಗಲ್‌ನ 8.8.8.8 ಬರೆಯುತ್ತಾರೆ. ಎರಡನೆಯದು ಆಪತ್ತಿಗೆ ಮಾತ್ರ ಎಂಬ ನಿಯಮ ಎಲ್ಲ ಯಂತ್ರಗಳಿಗೂ ಇಲ್ಲ. ಕೆಲವು ಎರಡನ್ನೂ ಸರದಿಯಲ್ಲಿ ಕೇಳುತ್ತವೆ, ಕೆಲವು ಯಾರು ಬೇಗ ಹೇಳುತ್ತಾರೋ ಅವರನ್ನೇ ಹಿಡಿಯುತ್ತವೆ. ಗೂಗಲ್ ಸರ್ವರ್ ಏನನ್ನೂ ಬಚ್ಚಿಡದೆ ಜಾಹೀರಾತಿನ ಸಂಖ್ಯೆಯನ್ನೂ ಹೇಳಿಬಿಡುತ್ತದೆ. ಒಮ್ಮೆ ಜಾಹೀರಾತು ಬರುತ್ತದೆ, ಒಮ್ಮೆ ಬರುವುದಿಲ್ಲ, ಕಾರಣ ಮಾತ್ರ ತಿಳಿಯುವುದಿಲ್ಲ. ಎರಡೂ ಜಾಗದಲ್ಲಿ ಒಂದೇ ಸಂಸ್ಥೆಯ ಸಂಖ್ಯೆಗಳಿರಬೇಕು.

ಇನ್ನೊಂದು ತೊಡಕು ನಮ್ಮ ದೇಶದಲ್ಲಿ ಹೆಚ್ಚು. ಹಳೆಯ ಬಗೆಯ ಸಂಖ್ಯೆಗಳು ಮುಗಿಯುತ್ತ ಬಂದಿದ್ದರಿಂದ ಐಪಿವಿ6 ಎಂಬ ಉದ್ದದ ಸಂಖ್ಯೆಗಳು ಬಂದಿವೆ. ಅವುಗಳ ಬಳಕೆಯಲ್ಲಿ ಭಾರತ ಜಗತ್ತಿನ ಮುಂಚೂಣಿಯಲ್ಲಿದೆ. ರೌಟರ್ ಆ ಮಾರ್ಗದಲ್ಲೂ ಬೇರೆಯಾಗಿ ಒಂದು ಡಿಎನ್‌ಎಸ್ ಸಂಖ್ಯೆಯನ್ನು ಫೋನುಗಳಿಗೆ ಸಾರುತ್ತಿರುತ್ತದೆ. ಹಳೆಯ ಸಂಖ್ಯೆಯ ಪುಟವನ್ನು ಮಾತ್ರ ತಿದ್ದಿದರೆ ಫೋನು ಈ ಇನ್ನೊಂದು ಬಾಗಿಲಿನಿಂದ ಕಂಪನಿಯ ಸರ್ವರನ್ನೇ ಕೇಳುತ್ತಿರುತ್ತದೆ. ಎಲ್ಲ ಸರಿಯಾಗಿ ಮಾಡಿದರೂ ಜಾಹೀರಾತು ನಿಲ್ಲದಿದ್ದರೆ ಮೊದಲು ನೋಡಬೇಕಾದದ್ದು ಐಪಿವಿ6 ಪುಟ. ಅಲ್ಲಿಗೂ ಅದೇ ಸಂಸ್ಥೆಯ ಐಪಿವಿ6 ಸಂಖ್ಯೆ ಬರೆಯಬೇಕು. ಕಂಪನಿ ಕೊಟ್ಟ ಕೆಲವು ಡಬ್ಬಿಗಳಲ್ಲಿ ಈ ಪುಟಗಳಿಗೆ ಬೀಗ ಹಾಕಿರುತ್ತಾರೆ. ಆಗ ಆ ಡಬ್ಬಿಯ ಹಿಂದೆ ನಮ್ಮದೇ ಒಂದು ರೌಟರ್ ಜೋಡಿಸಿ, ಮನೆಯವರನ್ನೆಲ್ಲ ಅದರ ವೈಫೈಗೆ ತರುವುದು ಉಳಿದ ದಾರಿ.

ಹೊರಗಿನ ಸರ್ವರ್ ಯಾಕೆ, ಮನೆಯಲ್ಲೇ ಒಂದು ಇಟ್ಟುಕೊಳ್ಳಬಾರದೇ? ಇಟ್ಟುಕೊಳ್ಳಬಹುದು. 2012ರಲ್ಲಿ ಮಾರುಕಟ್ಟೆಗೆ ಬಂದ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿಗೆ ಪೈ-ಹೋಲ್ ಎಂಬ ಉಚಿತ ತಂತ್ರಾಂಶ ಹಾಕಿದರೆ ಅದೇ ಮನೆಯ ಡಿಎನ್‌ಎಸ್ ಸರ್ವರ್ ಆಗುತ್ತದೆ. ಪೈ-ಹೋಲನ್ನು ಶುರುಮಾಡಿದವರು ಜೇಕಬ್ ಸಲ್ಮೆಲಾ. ಯಾವ ಯಂತ್ರ ಯಾವ ಹೆಸರು ಕೇಳಿತು, ಯಾವುದು ತಡೆಯಲ್ಪಟ್ಟಿತು ಎಂದು ಅದರ ಪರದೆಯಲ್ಲಿ ಸಾಲುಸಾಲಾಗಿ ಕಾಣುತ್ತದೆ. ನಾವು ಮುಟ್ಟದೆ ಇದ್ದಾಗಲೂ ಟೀವಿ ಯಾರುಯಾರನ್ನು ಕೇಳುತ್ತಿರುತ್ತದೆ ಎಂದು ಕಣ್ಣಾರೆ ನೋಡಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಆಸಕ್ತಿಯಿರುವ ಹೈಸ್ಕೂಲು ಮಕ್ಕಳ ಕೈಗೆ ಇದನ್ನು ಕೊಡಬೇಕು. ಆದರೆ ಕರೆಂಟ್ ಹೋಗಿ ಬರುವ ಊರಿನಲ್ಲಿ ಒಂದು ಎಚ್ಚರ ಬೇಕು. ಪೈ ತನ್ನ ಎಲ್ಲವನ್ನೂ ಒಂದು ಮೆಮೊರಿ ಕಾರ್ಡಿನಲ್ಲಿ ಇಟ್ಟುಕೊಳ್ಳುತ್ತದೆ. ಬರೆಯುತ್ತಿರುವಾಗ ಕರೆಂಟ್ ಹೋದರೆ ಕಾರ್ಡು ಕೆಡಬಹುದು. ಪೈ ನಿಂತರೆ ಮನೆಯ ನೆಟ್ ಪೂರಾ ನಿಂತಂತೆಯೇ ಕಾಣುತ್ತದೆ, ಏಕೆಂದರೆ ಹೆಸರು ಹೇಳಿದರೆ ಸಂಖ್ಯೆ ಹೇಳುವವರಿಲ್ಲ. ರೌಟರಿಗೆ ಹಾಕುವ ಚಿಕ್ಕ ಯುಪಿಎಸ್ಸಿನ ಜೊತೆ ಪೈಗೂ ಬ್ಯಾಟರಿಯ ಆಸರೆ ಇಲ್ಲದಿದ್ದರೆ ಹೊರಗಿನ ಸರ್ವರೇ ಮೇಲು.

ದೂರದ ಸರ್ವರ್ ಎಂದರೆ ನಿಧಾನ ಎಂಬ ಅನುಮಾನ ಸಹಜ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಶಿವನಿಯಿಂದ ಬೆಂಗಳೂರು ಇನ್ನೂರು ಚಿಲ್ಲರೆ ಕಿಲೋಮೀಟರ್. ಹೋಗಿಬರಲು ಎರಡು ಮೂರು ಮಿಲಿಸೆಕೆಂಡು. ಮೂರು ಸಾವಿರ ಕಿಲೋಮೀಟರ್ ಆಚೆಗಿನ ಸಿಂಗಾಪುರವಾದರೆ ಬೆಳಕಿನ ಲೆಕ್ಕದಲ್ಲೇ ಮೂವತ್ತಕ್ಕೂ ಹೆಚ್ಚು. ಕಣ್ಣಿಗೆ ಇದು ತಿಳಿಯುವುದಿಲ್ಲ. ಒಮ್ಮೆ ಕೇಳಿದ್ದನ್ನು ಫೋನು ಸ್ವಲ್ಪ ಹೊತ್ತು ನೆನಪಿಡುವುದರಿಂದ ಇನ್ನೂ ಕಡಿಮೆ.

ಮಿತಿಗಳನ್ನು ಮುಚ್ಚಿಡಬಾರದು. ಡಿಎನ್‌ಎಸ್‌ಗೆ ಕಾಣುವುದು ತಾಣದ ಹೆಸರು ಮಾತ್ರ, ಪುಟದ ಒಳಗಿರುವುದಲ್ಲ. ಯೂಟ್ಯೂಬಿನಲ್ಲಿ ವಿಡಿಯೊ ಬರುವ ಹೆಸರಿನಿಂದಲೇ ಜಾಹೀರಾತೂ ಬರುತ್ತದೆ; ಒಂದನ್ನು ತಡೆದರೆ ಇನ್ನೊಂದೂ ಹೋಗುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳ ಒಳಗಿನ ಪ್ರಾಯೋಜಿತ ಪೋಸ್ಟ್‌ಗಳೂ ಹಾಗೇ. ಯಾರನ್ನು ಕೇಳಬೇಕೆಂದು ತಯಾರಿಸುವಾಗಲೇ ಬರೆಸಿಕೊಂಡು ಬರುವ ಟೀವಿಗಳಿವೆ, ಅವು ರೌಟರಿನ ಮಾತು ಕೇಳುವುದಿಲ್ಲ. ಕೆಲವು ಸಲ ಬೇಕಾದದ್ದೇ ನಿಲ್ಲುತ್ತದೆ: ಆನ್‌ಲೈನ್ ಅಂಗಡಿಯ ಲಿಂಕು ತೆರೆಯದೆ ಇರಬಹುದು. ಆಗ ವೈಫೈ ಆರಿಸಿ ಮೊಬೈಲ್ ಡೇಟಾದಲ್ಲಿ ನೋಡಿದರೆ ತಪ್ಪು ಎಲ್ಲಿದೆ ಎಂದು ತಿಳಿಯುತ್ತದೆ. ಜಾಹೀರಾತಿನ ಹಣದಲ್ಲೇ ಉಸಿರಾಡುವ ಸಣ್ಣ ಕನ್ನಡ ಸುದ್ದಿತಾಣಗಳಿಗೂ ಇದರಿಂದ ಪೆಟ್ಟು ಬೀಳುತ್ತದೆ. ಓದಿಗೆ ಬೆಲೆ ಕೊಡಲು ಅಲ್ಲಿ ಬೇರೆ ದಾರಿ ಇದ್ದರೆ, ಚಂದಾ ಇದ್ದರೆ, ಕೊಡಬೇಕು. ಪೈ-ಹೋಲ್ ಇದ್ದವರು ಅಂಥ ಪುಟಗಳ ಜಾಹೀರಾತು ಹಂಚುವ ಹೆಸರನ್ನು ಪಟ್ಟಿಯಿಂದ ಬಿಡಿಸಬಹುದು, ಆದರೆ ಆ ಹೆಸರು ಉಳಿದ ತಾಣಗಳಿಗೂ ಬಿಡುಗಡೆಯಾಗುತ್ತದೆ.

ಇನ್ನು ನಂಬಿಕೆಯ ಮಾತು. ಉತ್ತರ ಹೇಳುವವರಿಗೆ ಮನೆಯ ಪ್ರತಿ ಪ್ರಶ್ನೆಯೂ ಗೊತ್ತಾಗುತ್ತದೆ: ಯಾವ ಬ್ಯಾಂಕು, ಯಾವ ಆಸ್ಪತ್ರೆ, ರಾತ್ರಿ ಎಷ್ಟು ಹೊತ್ತಿಗೆ. ಸಂಪರ್ಕ ಕೊಟ್ಟ ಕಂಪನಿಯನ್ನು ಬಿಟ್ಟು ಆ್ಯಡ್‌ಗಾರ್ಡ್‌ಗೆ ಹೋದರೆ ಈ ತಿಳಿವಳಿಕೆ ಅವರ ಕೈ ಸೇರುತ್ತದೆ. ಅದು 2009ರಲ್ಲಿ ಮಾಸ್ಕೋದಲ್ಲಿ ಹುಟ್ಟಿ ಈಗ ಸೈಪ್ರಸ್‌ನಲ್ಲಿ ನೋಂದಾಯಿಸಿಕೊಂಡಿರುವ ಸಂಸ್ಥೆ. ಕ್ವಾಡ್9 ಸ್ವಿಟ್ಜರ್ಲೆಂಡಿನದು. ಅವರ ಗೋಪ್ಯತಾ ನೀತಿಯನ್ನು ಓದಿ ಆರಿಸಿಕೊಳ್ಳುವುದು ನಮ್ಮ ಹೊಣೆ. ರೌಟರಿನಲ್ಲಿ ಬರೆದ ಸಾದಾ ಡಿಎನ್‌ಎಸ್ ಪ್ರಶ್ನೆ ಗುಟ್ಟಾಗಿಯೂ ಹೋಗುವುದಿಲ್ಲ. ನಡುವಿನವರು ಅದನ್ನು ಓದಬಹುದು, ತಮ್ಮ ಸರ್ವರಿಗೆ ತಿರುಗಿಸಲೂಬಹುದು. ಪ್ರಶ್ನೆಯನ್ನು ಗೂಢಲಿಪಿಯಲ್ಲಿ ಕಳಿಸುವ ಪದ್ಧತಿಗಳು 2016ರಲ್ಲೂ 2018ರಲ್ಲೂ ನಿಯಮವಾಗಿ ಬಂದಿವೆ, ಹೊಸ ರೌಟರುಗಳಲ್ಲಿ ಅವುಗಳಿಗೆ ಬೇರೆ ಪುಟವೇ ಇರುತ್ತದೆ.

ಈ ಒಂದು ಸಾಲಿನ ಬೆಲೆ ಕಳ್ಳರಿಗೆ ನಮಗಿಂತ ಮೊದಲೇ ಗೊತ್ತಿತ್ತು. 2011ರ ನವೆಂಬರಿನಲ್ಲಿ ಅಮೆರಿಕದ ಎಫ್‌ಬಿಐ ಎಸ್ಟೋನಿಯದ ಒಂದು ಗುಂಪನ್ನು ಬಯಲಿಗೆಳೆಯಿತು. ಅವರ ಡಿಎನ್‌ಎಸ್‌ಚೇಂಜರ್ ಎಂಬ ತಂತ್ರಾಂಶ ನೂರಕ್ಕೂ ಹೆಚ್ಚು ದೇಶಗಳ ಸುಮಾರು 40 ಲಕ್ಷ ಕಂಪ್ಯೂಟರುಗಳಲ್ಲಿ ಈ ಸಂಖ್ಯೆಯನ್ನು ಬದಲಿಸಿತ್ತು. ಉದ್ದೇಶ ಜಾಹೀರಾತೇ: ಪುಟದಲ್ಲಿದ್ದ ಜಾಹೀರಾತಿನ ಜಾಗದಲ್ಲಿ ತಮ್ಮದನ್ನು ತೂರಿಸಿ ದುಡ್ಡು ಮಾಡಿದರು. ಅವರ ಸರ್ವರುಗಳನ್ನು ಒಮ್ಮೆಲೇ ನಿಲ್ಲಿಸಿದ್ದರೆ ಲಕ್ಷಾಂತರ ಮನೆಗಳ ನೆಟ್ ಸತ್ತುಹೋಗುತ್ತಿತ್ತು. ಹಾಗಾಗಿ ನ್ಯಾಯಾಲಯದ ಅನುಮತಿಯಲ್ಲಿ ಶುದ್ಧ ಸರ್ವರುಗಳನ್ನು ಅವುಗಳ ಜಾಗದಲ್ಲಿಟ್ಟು 2012ರ ಜುಲೈ 9ರವರೆಗೆ ನಡೆಸಬೇಕಾಯಿತು. ಅದೇ ಕಾಲಕ್ಕೆ ಬ್ರೆಜಿಲ್‌ನಲ್ಲಿ ಸುಮಾರು 45 ಲಕ್ಷ ಮನೆ ಮೋಡೆಂಗಳ ಡಿಎನ್‌ಎಸ್ ಬದಲಾಗಿ, ಜನ ನಕಲಿ ತಾಣಗಳಿಗೆ ಹೋಗಿ ಬಿದ್ದರು. ಇಂದು ಬ್ಯಾಂಕಿನ ತಾಣಗಳು ಎಚ್‌ಟಿಟಿಪಿಎಸ್ ಪ್ರಮಾಣಪತ್ರ ತೋರಿಸಬೇಕಾದ್ದರಿಂದ ಸುಳ್ಳು ಸಂಖ್ಯೆ ಹೇಳಿದರೂ ಬ್ರೌಸರ್ ಎಚ್ಚರಿಸುತ್ತದೆ. ಆ ಎಚ್ಚರಿಕೆ ಬಂದಾಗ ‘ಮುಂದುವರಿಯಿರಿ’ ಒತ್ತಬಾರದು ಎಂಬುದನ್ನು ಮನೆಯ ಹಿರಿಯರಿಗೆ ಹೇಳಿಕೊಡಬೇಕು. ಡಿಎನ್‌ಎಸ್ ತಿದ್ದಲು ರೌಟರಿನೊಳಗೆ ಹೋದ ದಿನವೇ, ‘ಅಡ್ಮಿನ್, ಅಡ್ಮಿನ್’ ಎಂದಿರುವ ಹಳೆಯ ಪಾಸ್‌ವರ್ಡನ್ನು ಬದಲಿಸಿ ಒಂದು ಪುಸ್ತಕದಲ್ಲಿ ಬರೆದಿಡಬೇಕು. ನಾವು ಬರೆದ ಸಂಖ್ಯೆ ನಾಳೆಯೂ ಅಲ್ಲೇ ಇರಬೇಕಾದರೆ ಇದು ಬೇಕು.

ರೌಟರಿನ ರಕ್ಷಣೆ ಮನೆಯ ವೈಫೈ ಇರುವಷ್ಟು ದೂರ. ತೋಟದಲ್ಲಿ ಮೊಬೈಲ್ ಡೇಟಾಕ್ಕೆ ಬಂದೊಡನೆ ಫೋನು ಮತ್ತೆ ಸಿಮ್ ಕಂಪನಿಯ ಸರ್ವರನ್ನು ಕೇಳುತ್ತದೆ. ಆಂಡ್ರಾಯ್ಡ್ 9ರಿಂದ ಈಚಿನ ಫೋನುಗಳಲ್ಲಿ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ವಿಭಾಗದಲ್ಲಿ ‘ಪ್ರೈವೇಟ್ ಡಿಎನ್‌ಎಸ್’ ಇದೆ. ಅಲ್ಲಿ ಸಂಖ್ಯೆಯಲ್ಲ, ಹೆಸರು ಬರೆಯಬೇಕು. ಆ್ಯಡ್‌ಗಾರ್ಡ್‌ನದು ಡಿಎನ್‌ಎಸ್ ಡಾಟ್ ಆ್ಯಡ್‌ಗಾರ್ಡ್ ಹೈಫನ್ ಡಿಎನ್‌ಎಸ್ ಡಾಟ್ ಕಾಮ್. ಪ್ರಶ್ನೆ ಗೂಢಲಿಪಿಯಲ್ಲೇ ಹೋಗುತ್ತದೆ. ರೈಲು ನಿಲ್ದಾಣಗಳ ವೈಫೈಯಂತೆ ಮೊದಲು ಫೋನ್ ನಂಬರ್, ಒಟಿಪಿ ಕೇಳುವ ಕಡೆ ಈ ಸೆಟ್ಟಿಂಗ್ ಇದ್ದರೆ ಆ ಪುಟವೇ ತೆರೆಯದೆ ಇರಬಹುದು. ಆಗ ಪ್ರೈವೇಟ್ ಡಿಎನ್‌ಎಸ್ ಆಫ್ ಮಾಡಿ, ಒಟಿಪಿ ಹಾಕಿ ಒಳಗೆ ಹೋದ ಮೇಲೆ ಮತ್ತೆ ಆನ್ ಮಾಡಿಕೊಳ್ಳಬೇಕು.